ಪರ್ಸಿ ಕಲ್ಲಿನಲ್ಲಿ ಇಲ್ಲದ ಬಿಲ

ಕೇಳ್ತಾ ಕೇಳ್ತಾ ಒಮ್ಮೆ ಕಾಲ ಕೆಳಗೆ ನೋಡ್ಕೊಳ್ಳಿ. ಮನಗೂಳಿಯ ಹಳೇ ಮನೆಯಲ್ಲಿದ್ದರೆ ನೆಲಕ್ಕೆ ಶಹಾಬಾದ್ ಪರ್ಸಿ ಹಾಕಿರಬಹುದು. ನೀವು ನಿಂತಿರೋದು ಸಮುದ್ರದ ತಳದ ಮೇಲೆ!

ಮನಗೂಳಿಯ ಎರೆಹೊಲದಲ್ಲಿ ಸಮುದ್ರ ಹುಡುಕಬೇಡಿ. ಅಲ್ಲಿಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಆದರೆ ತಾಳಿಕೋಟೆ ಕಡೆ ಹೋದರೆ ಸುಣ್ಣಕಲ್ಲು ಕಾಣಿಸುತ್ತೆ, ಅತ್ತ ಸೇಡಂ, ಶಹಾಬಾದ್ ಭಾಗದಲ್ಲೂ ಅದೇ. ಇದು ಭೀಮಾ ಶಿಲಾಸಮೂಹ. ರಾಬರ್ಟ್ ಬ್ರೂಸ್ ಫೂಟ್ 1876ರ ತಮ್ಮ ವರದಿಯಲ್ಲಿ ಇದನ್ನೂ ಬಾಗಲಕೋಟೆ ಕಡೆಯ ಕಲಾದಗಿ ಕಲ್ಲನ್ನೂ ವಿವರಿಸಿದ್ದಾರೆ.

ಪರ್ಸಿ ಅಷ್ಟು ಸಪಾಟಾಗಿ, ಪದರ ಪದರವಾಗಿ ಏಳೋದು ಯಾಕೆ? ಕೆಸರು ಕೂತ ಮೇಲೆ ಅದನ್ನು ಯಾರೂ ಕಲಕಲಿಲ್ಲ, ಅದೂ ಒಂದು ಕಾರಣ. ಬಿಲ ತೋಡೋ ಪ್ರಾಣಿಗಳೇ ಆಗ ಇರಲಿಲ್ಲ. ಕಲಾದಗಿ ಸುಣ್ಣಕಲ್ಲಿನಲ್ಲಂತೂ ಸೂಕ್ಷ್ಮಜೀವಿಗಳ ಹಾಸು ಪದರದ ಮೇಲೆ ಪದರ ಬೆಳೆದ ಗುರುತಿದೆ. ಮೇಯೋಕೆ ಯಾರೂ ಬರಲಿಲ್ಲ.

ಬಂದ ಮೇಲೆ ಏನಾಯ್ತು? ಸುಮಾರು 54 ಕೋಟಿ ವರ್ಷಗಳ ಹಿಂದೆ ಒಂದು ಹುಳುವಿನಂಥ ಜೀವಿ ಕೆಸರಲ್ಲಿ ಅಡ್ಡ ಸುರಂಗ ಕೊರೆದು, ನಡುನಡುವೆ ಮೇಲಕ್ಕೆ ಮೂತಿ ಚಾಚಿತು. ಆ ಬಿಲದ ಹೆಸರು ಟ್ರೆಪ್ಟಿಕ್ನಸ್ ಪೀಡಮ್. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಬಂಡೆಯಲ್ಲಿ ಅದು ಕಾಣಿಸಿಕೊಳ್ಳುವ ಮಟ್ಟವನ್ನೇ 1992ರಲ್ಲಿ ಕ್ಯಾಂಬ್ರಿಯನ್ ಯುಗದ ಆರಂಭ ಅಂತ ಒಪ್ಪಿಕೊಂಡರು. ಎಲುಬಿಲ್ಲ, ಚಿಪ್ಪಿಲ್ಲ, ಬರೀ ಬಿಲದ ಮೇಲೆ ಒಂದು ಯುಗ!

ಬಿಲದ ಆಕಾರವೇ ಊಟದ ರೀತಿ ಹೇಳುತ್ತೆ ಅಂತ ಓದಿ ತೋರಿಸಿದವರು ಜರ್ಮನಿಯ ಅಡಾಲ್ಫ್ ಝೈಲಾಖರ್. ಅಲೆ ಬಡಿಯೋ ಮರಳಲ್ಲಿ ನೆಟ್ಟಗಿನ ಕೊಳವೆ ಇದ್ದರೆ, ಒಳಗಿದ್ದ ಜೀವಿ ಹೆಚ್ಚಾಗಿ ನೀರಲ್ಲಿ ತೇಲಿಬರೋ ಕಣ ಹಿಡಿದು ತಿಂದದ್ದು. ಶಾಂತವಾದ ಆಳದಲ್ಲಿ ಆಹಾರ ಕೆಸರಲ್ಲೇ, ಅದೂ ಸ್ವಲ್ಪ. ಅಲ್ಲಿ ಜಾಡು ನಮ್ಮ ರಂಟಿ ಹೊಡೆದ ಹೊಲದ ಹಾಗೆ: ಅಂಚಿಗೆ ಹೋಗಿ ತಿರುಗಿ, ಹಿಂದಿನ ಸಾಲಿಗೆ ಒತ್ತಿಕೊಂಡೇ ವಾಪಸ್. ಉಂಡ ಕಡೆ ಮತ್ತೆ ಬಾಯಿ ಹಾಕೋದಿಲ್ಲ. ಇಂಥ ಬಿಲಗಳ ವೈವಿಧ್ಯ ನೋಡ್ಬೇಕಂದ್ರೆ ಕಛ್‌ನ ಜುರಾಸಿಕ್ ಬಂಡೆಗಳಿಗೆ ಹೋಗಿ.

ಆದರೆ ಇಷ್ಟು ಓದಬಲ್ಲವರೂ ಸಿಕ್ಕಿಹಾಕ್ಕೊಂಡರು. 1998ರಲ್ಲಿ ಝೈಲಾಖರ್, ಜಾದವ್‌ಪುರ ವಿಶ್ವವಿದ್ಯಾಲಯದ ಪ್ರದೀಪ್ ಬೋಸ್ ಮತ್ತು ಫ್ರೀಡ್ರಿಖ್ ಫ್ಲ್ಯೂಗರ್ ಮಧ್ಯಪ್ರದೇಶದ ಚೋರ್ಹಟ್ ಮರಳುಗಲ್ಲಿನ ಗೆರೆಗಳನ್ನು ಹುಳುವಿನ ಸುರಂಗ ಅಂದರು. ಹಾಸಿನ ಕೆಳಗೆ ತೂರಿ ಮೇಯ್ದದ್ದು, 110 ಕೋಟಿ ವರ್ಷ ಹಳೆಯದು ಅಂತ. ಜಗತ್ತೇ ಬೆರಗಾಯ್ತು. 2002ರಲ್ಲಿ ಕಲ್ಲಿನ ವಯಸ್ಸು ಅಳೆದಾಗ ಬಂದದ್ದು 160 ಕೋಟಿ! ಅಷ್ಟು ಹಿಂದೆ ಪ್ರಾಣಿ ಇತ್ತು ಅಂದರೆ, ಮುಂದಿನ 100 ಕೋಟಿ ವರ್ಷ ಅದರ ಮಕ್ಕಳು ಮೊಮ್ಮಕ್ಕಳು ಎಲ್ಲಿ ಬಿಲ ತೋಡಿದರು? ಈಗ ಹೆಚ್ಚಿನವರು ಅದು ಪ್ರಾಣಿಯ ಜಾಡಲ್ಲ ಅಂತಾರೆ. ನನಗಂತೂ ನಮ್ಮ ಪರ್ಸಿಯ ನುಣುಪು ನೋಡಿದಾಗೆಲ್ಲ ಆ ಪ್ರಶ್ನೆಯೇ ನೆನಪಾಗುತ್ತೆ.