ಟೋಪಿಯಿಂದ ಪೊರಕೆಯವರೆಗೆ

ಪಿ ಅಂಡ್ ಓ ಕಂಪನಿಯ ಪ್ರಯಾಣಿಕ ಹಡಗುಗಳ ಡೆಕ್ಕಿನ ಮೇಲೆ ದುಡಿಯುತ್ತಿದ್ದ ಭಾರತೀಯ ನಾವಿಕರನ್ನು ಒಂದು ಕಾಲಕ್ಕೆ ದೂರದಿಂದಲೇ ಗುರುತಿಸಬಹುದಿತ್ತು. ಮೈಮೇಲೆ ‘ಲಾಲ್ಚಿ’ ಎಂಬ ನೀಲಿ ನಿಲುವಂಗಿ, ಸೊಂಟಕ್ಕೆ ಬಿಗಿದ ಕೆಂಪು ರುಮಾಲು, ತಲೆಗೆ ಕೆಂಪು ಪೇಟ. ಅವರ ಮೇಲಾಳು ಸಾರಂಗನ ಕೊರಳಲ್ಲಿ ಬೆಳ್ಳಿ ಸರಪಳಿಗೆ ಕಟ್ಟಿದ ಸೀಟಿ. ಅದೇ ಹಡಗಿನಲ್ಲಿ ಬಕೆಟ್ಟು, ಪೊರಕೆ ಹಿಡಿದು ಕಕ್ಕಸು, ಬಚ್ಚಲು ತೊಳೆಯುವವನೊಬ್ಬನಿದ್ದ. ಅವನ ಹುದ್ದೆಯ ಹೆಸರು ಟೋಪಾಸ್.

ಹೆಸರಿನಲ್ಲಿ ಟೋಪಿ, ಕೈಯಲ್ಲಿ ಪೊರಕೆ. ಇವೆರಡೂ ಒಂದೆಡೆ ಸೇರಿದ್ದು ಹೇಗೆಂದು ತಿಳಿಯಲು ಇನ್ನೂರು ಮುನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಟೋಪಾಸ್ ಎಂದರೆ ಜಾಡಮಾಲಿಯಲ್ಲ, ಸಿಪಾಯಿ. ಪೋರ್ಚುಗೀಸ್ ಮೂಲ ಹೇಳಿಕೊಳ್ಳುತ್ತಿದ್ದ, ಕ್ರೈಸ್ತ ಧರ್ಮದ, ಕಪ್ಪು ಮೈಬಣ್ಣದ ಮಿಶ್ರ ಸಂತತಿಯವರಿಗೆ ಈ ಹೆಸರಿತ್ತು. ಮದ್ರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೋಟೆ ಕಾಯುವ ದಂಡಿನಲ್ಲಿ ಅವರಿದ್ದರು. ಹೈದರ್ ಅಲಿಯ ಸೈನ್ಯದಲ್ಲೂ ಇದ್ದರು. ಪೇಟ, ಮುಂಡಾಸುಗಳ ನಾಡಿನಲ್ಲಿ ಅವರು ತಲೆಗೆ ಏರಿಸಿದ್ದು ಐರೋಪ್ಯರ ಹ್ಯಾಟು. ಪೋರ್ಚುಗೀಸರ ಬಾಯಲ್ಲಿ ಅವರು ‘ಜೆಂಟೆ ದೆ ಶಪೇವು’, ಅಂದರೆ ಟೋಪಿಯ ಜನ. ಬಣ್ಣ, ಭಾಷೆ ಏನೇ ಹೇಳಲಿ, ತಾವು ಯಾರ ಪೈಕಿ ಎಂಬುದನ್ನು ಸಾರಲು ಅವರಿಗೆ ಆ ಹ್ಯಾಟು ಸಾಕಿತ್ತು.

ಟೋಪಿಗೆ ಆಗ ಅಷ್ಟು ಬೆಲೆಯಿತ್ತು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಮರಾಠಾ ಅಮಾತ್ಯ ರಾಮಚಂದ್ರಪಂತರು ರಚಿಸಿದ ‘ಆಜ್ಞಾಪತ್ರ’ದಲ್ಲಿ ಪೋರ್ಚುಗೀಸ್, ಇಂಗ್ಲಿಷ್, ಡಚ್, ಫ್ರೆಂಚ್ ವರ್ತಕರಿಗೆಲ್ಲ ಒಂದೇ ಹೆಸರು: ಟೋಪಿಕರರು. ಇವರನ್ನು ಉಳಿದ ಸಾಹುಕಾರರಂತೆ ಎಣಿಸಬೇಡಿ, ಇವರ ಕಣ್ಣು ನೆಲದ ಮೇಲಿದೆ ಎಂಬ ಎಚ್ಚರಿಕೆಯೂ ಅಲ್ಲಿದೆ.

ಟೋಪಾಸರ ಪ್ರತಾಪ ಹೆಚ್ಚು ಕಂಡದ್ದು ಭಾರತದಲ್ಲಲ್ಲ, ತಿಮೋರ್ ದ್ವೀಪದಲ್ಲಿ. ಅಲ್ಲಿ ಹೋರ್ನೆ ಮತ್ತು ದ ಕೋಸ್ಟ ಎಂಬ ಎರಡು ಟೋಪಾಸ್ ಮನೆತನಗಳು ಶ್ರೀಗಂಧದ ವ್ಯಾಪಾರವನ್ನು ಕೈಯಲ್ಲಿಟ್ಟುಕೊಂಡು ಪೋರ್ಚುಗೀಸರಿಗೂ ಬಗ್ಗದೆ, ಡಚ್ಚರಿಗೂ ಜಗ್ಗದೆ ಮೆರೆದವು. 1749ರಲ್ಲಿ ಪೆನ್‌ಫುಯಿ ಎಂಬಲ್ಲಿ ನಡೆದ ಕಾಳಗದಲ್ಲಿ ಡಚ್ಚರ ಕಡೆಯವರು ಅವರನ್ನು ಸೋಲಿಸಿದರು. ನಾಯಕ ಗಾಸ್ಪರ್ ದ ಕೋಸ್ಟ ಅಲ್ಲೇ ಹತನಾದ.

ಶಬ್ದದ ಹುಟ್ಟಿನ ಬಗ್ಗೆ ಮಾತ್ರ ಜಗಳ ಇನ್ನೂ ಮುಗಿದಿಲ್ಲ. 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಕೋಶವನ್ನು ಹೆನ್ರಿ ಯೂಲ್ ಜೊತೆ ಕಟ್ಟಿದವರು ಎ. ಸಿ. ಬರ್ನೆಲ್, ತುಳುನಾಡಿನ ಭೂತಾರಾಧನೆಯ ಬಗ್ಗೆ ಬರೆದ ಬರ್ನೆಲ್ ಅವರೇ ಇವರು. ಆ ಕೋಶ ಮೂರು ದಾರಿ ತೋರಿಸುತ್ತದೆ. ಟೋಪಿವಾಲಾ ಎಂಬುದು ಒಂದು. ಫಿರಂಗಿ ಹಾರಿಸುವವನೆಂಬ ಅರ್ಥದ ‘ತೋಪ್ಚಿ’ ಇನ್ನೊಂದು. ಮೂರನೆಯದು ದುಭಾಷಿ. ಮಲಯಾಳದ ‘ತುಪ್ಪಾಯಿ’ಗೆ ದುಭಾಷಿಯೆಂದೇ ಅರ್ಥವಾದ್ದರಿಂದ ಅನೇಕ ವಿದ್ವಾಂಸರು ಈ ಮೂರನೆಯ ದಾರಿಯತ್ತ ವಾಲುತ್ತಾರೆ. ಅದು ನಿಜವಾದರೆ ಟೋಪಾಸನ ತಲೆಯ ಮೇಲೆ ಟೋಪಿ ಇತ್ತು, ಹೆಸರಿನೊಳಗೆ ಇರಲಿಲ್ಲ. ಜನ ತಲೆ ನೋಡಿ ಅದನ್ನು ಹೆಸರಿಗೂ ತೊಡಿಸಿದರು.

ಹಡಗಿಗೆ ಬರುವಷ್ಟರಲ್ಲಿ ಹ್ಯಾಟೂ ಇಲ್ಲ, ಬಂದೂಕೂ ಇಲ್ಲ. ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ಲಸ್ಕರರು ಎಂದು ಕರೆಸಿಕೊಳ್ಳುತ್ತಿದ್ದ ಭಾರತೀಯ ನಾವಿಕರಲ್ಲಿ ಮೆಟ್ಟಿಲು ಬಿಗಿಯಾಗಿತ್ತು: ಮೇಲೆ ಸಾರಂಗ, ಅವನ ಕೆಳಗೆ ತಂಡೇಲ, ಅವರ ಕೈಕೆಳಗೆ ಖಲಾಸಿಗಳು, ಅಡುಗೆಗೆ ಭಂಡಾರಿ. ಜಾತಿ ಮತಗಳ ಕಟ್ಟು ಸಮುದ್ರದ ಮೇಲೂ ಸಡಿಲವಾಗದೆ, ಕಕ್ಕಸು ತೊಳೆಯುವ ಕೆಲಸಕ್ಕೆ ಉಳಿದವರು ಕೈಹಾಕುತ್ತಿರಲಿಲ್ಲ. ಅದಕ್ಕೆಂದೇ ನೇಮಿಸಿದ ಆಳು ಟೋಪಾಸ್. ಕೋಟೆ ಕಾದವನ ಹೆಸರು ಹೀಗೆ ಪಟ್ಟಿಯ ಕಟ್ಟಕಡೆಗೆ ಬಂದು ನಿಂತಿತು.

ಈ ನಾವಿಕರಿಗೆ ತಮ್ಮದೇ ಆದ ಮಿಶ್ರಭಾಷೆಯಿತ್ತು: ಹಿಂದೂಸ್ತಾನಿಯ ತಳಹದಿ, ಮೇಲೆ ಪೋರ್ಚುಗೀಸ್, ಪಾರಸಿ, ಇಂಗ್ಲಿಷ್ ಪದಗಳು. ತಮ್ಮ ಕೈಕೆಳಗಿನವರಿಗೆ ಆಜ್ಞೆ ಕೊಡಲೂ ಬ್ರಿಟಿಷ್ ಅಧಿಕಾರಿಗಳು ಇದನ್ನು ಕಲಿಯಬೇಕಿತ್ತು. ಅವರಿಗಾಗಿ ಥಾಮಸ್ ರೋಬಕ್ 1811ರಲ್ಲಿ ಕಲ್ಕತ್ತದಲ್ಲಿ ಒಂದು ನೌಕಾ ನಿಘಂಟನ್ನೇ ಹೊರತಂದರು.

ಆ ಭಾಷೆಯ ಹಲವು ಪದಗಳು ಕರ್ನಾಟಕಕ್ಕೂ ಗೊತ್ತು. ಉತ್ತರ ಕನ್ನಡದ ಕರಾವಳಿಯಲ್ಲಿ ಮೀನುಗಾರಿಕೆ ದೋಣಿ ನಡೆಸುವವನು ಇಂದಿಗೂ ತಾಂಡೇಲ. ಖಲಾಸಿ ರೈಲ್ವೆಗೆ ಇಳಿದು ಅಲ್ಲೊಂದು ಹುದ್ದೆಯಾದ. ಟೋಪಾಸ್ ಮಾತ್ರ ಕನ್ನಡದ ಬಾಯಿಗೆ ಹತ್ತಲಿಲ್ಲ. ಟೋಪಿ ಹತ್ತಿತು, ಬೇರೊಂದು ಚಾಳಿಯೊಂದಿಗೆ. ಚೀಟಿ ಎತ್ತಿ ಊರು ಬಿಟ್ಟವನೂ, ಸೈಟು ತೋರಿಸಿ ಮುಂಗಡ ನುಂಗಿದವನೂ ಜನರಿಗೆ ಟೋಪಿ ಹಾಕಿದವರೇ. ಇಲ್ಲಿ ಹಾಕಿದವನ ತಲೆ ಬರಿದು, ಟೋಪಿ ಇರುವುದು ಮೋಸಹೋದವನ ತಲೆಯ ಮೇಲೆ. ಟೋಪಾಸನಾದರೋ ತನ್ನ ಹ್ಯಾಟನ್ನು ತಾನೇ ಆರಿಸಿಕೊಂಡಿದ್ದ.