ಪುಟ್ಟಸ್ವಾಮಿಯವರ ಪ್ರಶ್ನೆ ಮತ್ತು ಮೂರು ಜೆರಾಕ್ಸ್

ದೆಹಲಿಗೆ ಬಂದು ಬಾಡಿಗೆ ಮನೆ ಹಿಡಿದ ಪ್ರತಿಯೊಬ್ಬ ಕನ್ನಡಿಗನಿಗೂ ಒಂದು ಜೆರಾಕ್ಸ್ ಅಂಗಡಿಯ ನೆನಪು ಇದ್ದೇ ಇರುತ್ತದೆ. ನನ್ನದು ಮುನಿರ್ಕಾದ ಒಂದು ಗಲ್ಲಿಯದು. ಮನೆಯ ಮಾಲೀಕರು ಆಧಾರ್‌ನ ಮೂರು ಪ್ರತಿ ಕೇಳಿದ್ದರು: ಕರಾರಿಗೆ ಒಂದು, ಪೊಲೀಸ್ ವೆರಿಫಿಕೇಷನ್‌ಗೆ ಒಂದು, ತಮ್ಮ ಹತ್ತಿರ ಇಟ್ಟುಕೊಳ್ಳಲು ಒಂದು. ಅಂಗಡಿಯ ಹುಡುಗ "ವಾಟ್ಸ್‌ಆ್ಯಪ್ ಕರ್ ದೋ ಭೈಯ್ಯಾ" ಎಂದ. ಕಳಿಸಿದೆ. ಅವನ ಪರದೆಯ ಮೇಲೆ ಬೆಳಗಿನಿಂದ ಬಂದವರ ಕಾರ್ಡುಗಳೆಲ್ಲ ಸಾಲಾಗಿ ಕೂತಿದ್ದವು. ಮೂರು ಪ್ರತಿ ನನ್ನ ಕೈಗೆ ಬಂದವು. ನಾಲ್ಕನೆಯದು ಅಲ್ಲೇ ಉಳಿಯಿತು.

ಇದೇ ಊರಿನ ತಿಲಕ್ ಮಾರ್ಗದಲ್ಲಿರುವ ಸುಪ್ರೀಂ ಕೋರ್ಟಿನಲ್ಲಿ, ಭಾರತದ ಪ್ರಜೆಗೆ ಖಾಸಗಿತನದ ಹಕ್ಕು ಇದೆಯೇ ಇಲ್ಲವೇ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ನಮ್ಮ ಕಡೆಯ ಹಿರಿಯರು, ಕೆ.ಎಸ್. ಪುಟ್ಟಸ್ವಾಮಿ.

1926ರಲ್ಲಿ ಹುಟ್ಟಿದ ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದವರು. ನಿವೃತ್ತರಾಗಿ ಎಷ್ಟೋ ಕಾಲವಾದ ಮೇಲೆ, 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ ಆಧಾರ್ ವಿರುದ್ಧ ರಿಟ್ ಅರ್ಜಿ ಹಾಕಿದರು. ಅವರ ತಕರಾರು ಸರಳವಾಗಿತ್ತು. 2009ರಲ್ಲಿ ಸರ್ಕಾರದ ಒಂದು ಅಧಿಸೂಚನೆಯಿಂದ ಹುಟ್ಟಿದ ಪ್ರಾಧಿಕಾರ ಕೋಟ್ಯಂತರ ಜನರ ಬೆರಳಚ್ಚು, ಕಣ್ಣಿನ ಪಾಪೆಯ ಗುರುತು ಪಡೆಯುತ್ತಿದೆ. ಅದಕ್ಕೆ ಸಂಸತ್ತಿನ ಕಾನೂನು ಎಲ್ಲಿದೆ? ಪಾಸ್‌ವರ್ಡ್ ಕಳೆದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು. ಪ್ರಾಧಿಕಾರವನ್ನು ಕಟ್ಟಿದ ನಂದನ್ ನಿಲೇಕಣಿಯವರೂ ಬೆಂಗಳೂರಿನವರು, ಪ್ರಶ್ನಿಸಿದ ಪುಟ್ಟಸ್ವಾಮಿಯವರೂ ಬೆಂಗಳೂರಿನವರು. ಜಗಳ ತೀರ್ಮಾನವಾಗಲು ದೆಹಲಿಗೆ ಬಂತು.

2015ರಲ್ಲಿ ಸರ್ಕಾರ ಕೊಟ್ಟ ಉತ್ತರ ಹಲವರನ್ನು ಬೆಚ್ಚಿಬೀಳಿಸಿತು. ಸಂವಿಧಾನದಲ್ಲಿ ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಅಟಾರ್ನಿ ಜನರಲ್ ಮುಕುಲ್ ರೋಹಟಗಿ ವಾದಿಸಿದರು. ಆಧಾರವಾಗಿ ಎರಡು ಹಳೆಯ ತೀರ್ಪುಗಳನ್ನು ತೆಗೆದರು. ಮೊದಲನೆಯದು ದೆಹಲಿಯದೇ. ದಾಲ್ಮಿಯಾ ಸಮೂಹದ ಕಂಪನಿಗಳ ಮೇಲಿನ ಶೋಧಕ್ಕೆ ಇಲ್ಲಿನ ಜಿಲ್ಲಾ ಮ್ಯಾಜಿಸ್ಟ್ರೇಟರು ವಾರಂಟ್ ಕೊಟ್ಟಿದ್ದರು. ಅದನ್ನು ಪ್ರಶ್ನಿಸಿದ ಎಂ.ಪಿ. ಶರ್ಮಾ ಪ್ರಕರಣದಲ್ಲಿ 1954ರಲ್ಲಿ ಎಂಟು ನ್ಯಾಯಮೂರ್ತಿಗಳು, ಅಮೆರಿಕದಲ್ಲಿರುವಂಥ ರಕ್ಷಣೆಯನ್ನು ನಮ್ಮ ಸಂವಿಧಾನದೊಳಕ್ಕೆ ಎಳೆದು ತರಲಾಗದು ಎಂದಿದ್ದರು. ಎರಡನೆಯದು ಉತ್ತರ ಪ್ರದೇಶದ ಖಡಕ್ ಸಿಂಗ್‌ದು. ಪೊಲೀಸರು ರಾತ್ರಿ ಹೊತ್ತು ಅವನ ಮನೆಯ ಬಾಗಿಲು ಬಡಿಯುತ್ತಿದ್ದರು. 1962ರಲ್ಲಿ ಕೋರ್ಟು ಬಾಗಿಲು ಬಡಿಯುವುದನ್ನು ನಿಲ್ಲಿಸಿತು, ಆದರೆ ಖಾಸಗಿತನ ಖಾತರಿಯ ಹಕ್ಕಲ್ಲ ಎಂದೂ ಬರೆಯಿತು.

ಈ ಎರಡು ತೀರ್ಪುಗಳ ನೆರಳಿನಲ್ಲಿಯೇ ದೇಶ ಐವತ್ತು ಚಿಲ್ಲರೆ ವರ್ಷ ಕಳೆಯಿತು. ದೂರವಾಣಿ ಕದ್ದಾಲಿಕೆಯ ಆರೋಪದಲ್ಲಿ 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿ ಬಿಟ್ಟದ್ದು ನಮಗೆಲ್ಲ ಗೊತ್ತಿರುವುದೇ. ಕದ್ದು ಕೇಳುವುದು ಅಸಹ್ಯ ಎಂದು ಜನರಿಗೆ ಅನಿಸಿತ್ತು. ಕೋರ್ಟಿನ ಪುಸ್ತಕದಲ್ಲಿ ಮಾತ್ರ ಹಳೆಯ ಸಾಲುಗಳು ಹಾಗೇ ಇದ್ದವು.

ಎಂಟು ಮಂದಿ ಬರೆದದ್ದನ್ನು ಅಳಿಸಲು ಒಂಬತ್ತು ಮಂದಿ ಬೇಕು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು, ಅವರಲ್ಲಿ ದಕ್ಷಿಣ ಕನ್ನಡದ ಎಸ್. ಅಬ್ದುಲ್ ನಜೀರ್ ಒಬ್ಬರು, ಒಕ್ಕೊರಲಿನಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ತೀರ್ಪಿಗೆ 547 ಪುಟ. ಮರುವರ್ಷ ಸೆಪ್ಟೆಂಬರ್ 26ರಂದು ಐವರ ಪೀಠ 4-1 ಬಹುಮತದಲ್ಲಿ ಆಧಾರ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಬ್ಯಾಂಕ್ ಖಾತೆಗೆ, ಸಿಮ್‌ಗೆ ಕಡ್ಡಾಯ ಮಾಡುವುದನ್ನು ತಡೆಯಿತು. ಬೆಂಗಳೂರಿನಲ್ಲಿ ಹುಟ್ಟಿದ ನ್ಯಾ. ಬಿ.ಎನ್. ಶ್ರೀಕೃಷ್ಣ ಅವರ ಸಮಿತಿ 2018ರಲ್ಲಿ ಮಾಹಿತಿ ರಕ್ಷಣೆಯ ಕರಡು ಕೊಟ್ಟಿತು. ಕಾಯ್ದೆ ಬಂದದ್ದು 2023ರಲ್ಲಿ, ಬಹಳ ಬದಲಾದ ರೂಪದಲ್ಲಿ.

ಈ ಚರಿತ್ರೆಯಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವುದು ಒಂದು ಸಣ್ಣ ಪ್ರಕಟಣೆ. 2022ರ ಮೇ 27ರಂದು ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ಜೆರಾಕ್ಸನ್ನು ಸಿಕ್ಕಸಿಕ್ಕವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಕೊಡಿ ಎಂದು ಹೇಳಿತು. ಎರಡೇ ದಿನಕ್ಕೆ ದೆಹಲಿಯ ಸಚಿವಾಲಯ, ಜನ ತಪ್ಪು ತಿಳಿಯಬಹುದೆಂದು ಅದನ್ನು ಹಿಂದಕ್ಕೆ ಪಡೆಯಿತು. ವಿವೇಚನೆಯಿಂದ ನಡೆದುಕೊಳ್ಳಿ, ಅಷ್ಟೇ ಸಾಕು ಎಂದಿತು.

ವಿವೇಚನೆ ನನಗೂ ಇತ್ತು. ಮುಂದಿನ ಬಾರಿ ಮನೆ ಬದಲಿಸಿದಾಗ ಅಂಕಿ ಮುಚ್ಚಿದ ಪ್ರತಿಯನ್ನೇ ಒಯ್ದೆ. "ಪೂರಾ ನಂಬರ್ ಇಲ್ಲವಲ್ಲ" ಎಂದರು ಹೊಸ ಮಾಲೀಕರು. ಸುಪ್ರೀಂ ಕೋರ್ಟು, ಹಕ್ಕು ಎಂದೆಲ್ಲ ವಿವರಿಸಲು ಹೊರಟೆ. ಅವರು ಸಿಟ್ಟಾಗಲಿಲ್ಲ. ನಂಬಿಕೆಯಿಲ್ಲದವರಿಗೆ ಮನೆ ಕೊಡುವುದು ಹೇಗೆ ಎಂದು ಮೆಲ್ಲಗೆ ಕೇಳಿದರು. ಹೊರಗೆ ಟೆಂಪೋದಲ್ಲಿ ಸಾಮಾನು ಕಾಯುತ್ತಿತ್ತು.

ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಸರ್ಕಾರದ ಎದುರು 'ಕೊಡುವುದಿಲ್ಲ, ಕಾರಣ ಹೇಳಿ' ಎನ್ನುವ ಬಲವನ್ನು ಅವರ ಪ್ರಶ್ನೆ ನಮಗೆ ತಂದುಕೊಟ್ಟಿತು. ಟೆಂಪೋ ಮುಂದೆ ನಿಂತವನಿಗೆ ಆ ಬಲ ಇನ್ನೂ ಬಂದಿಲ್ಲ. ಅವತ್ತು ನಾನು ಪೂರ್ತಿ ನಂಬರಿನ ಜೆರಾಕ್ಸ್ ತರಲು ಅಂಗಡಿ ಹುಡುಕಿಕೊಂಡು ಹೋದೆ.