ಹಿತ್ತಲ ಗಲ್ಲಿಯ ಸಾಕ್ಷ್ಯ: ಬೆಂಗಳೂರಿನ ಮೂರು ಹಳೆಯ ಬಡಾವಣೆಗಳು

ಬೆಂಗಳೂರಿನ ಹಳೆಯ ಬಡಾವಣೆಗಳು ಹುಟ್ಟಿದ್ದೇ ಪ್ಲೇಗಿನಿಂದ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅದು ಅರ್ಧ ನಿಜ. ಪ್ಲೇಗು ನಗರಕ್ಕೆ ಕಾಲಿಟ್ಟದ್ದು 1898ರ ಆಗಸ್ಟ್‌ನಲ್ಲಿ. ಚಾಮರಾಜೇಂದ್ರ ಒಡೆಯರ ಹೆಸರು ಹೊತ್ತ ಚಾಮರಾಜಪೇಟೆಯೋ, ಐದು ಮೇನ್ ರೋಡು, ಒಂಬತ್ತು ಕ್ರಾಸುಗಳ ಚೌಕುಳಿ ನಕ್ಷೆಯೊಂದಿಗೆ 1892ರಲ್ಲೇ ಕೋಟೆಯ ಪಡುವಲಿಗೆ ಮೈದಳೆದಿತ್ತು. ಪೇಟೆಯ ಇಕ್ಕಟ್ಟು ಅಷ್ಟರಲ್ಲೇ ಆಡಳಿತಕ್ಕೆ ತಲೆನೋವಾಗಿತ್ತು ಎಂಬುದಕ್ಕೆ ಈ ಆರು ವರ್ಷಗಳ ಅಂತರವೇ ಸಾಕ್ಷಿ. ಹೊಸ ಬಡಾವಣೆ ಕಟ್ಟುವ ಯೋಚನೆಗೆ ಪ್ಲೇಗು ತುರ್ತು ತಂದಿತು. ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡದ್ದು ಅದರ ನಂತರ.

ಇವು ಬರಿಯ ಬಯಲಿನಲ್ಲಿ ಎದ್ದವಲ್ಲ. ಬಸವನಗುಡಿಯ ಅಡಿಯಲ್ಲಿ ಸುಂಕೇನಹಳ್ಳಿ ಇದೆ. ಆ ಹಳ್ಳಿಯ ಕಡಲೆಕಾಯಿ ಪರಿಷೆ ಇಂದಿಗೂ ಕಾರ್ತಿಕದ ಕಡೆಯ ಸೋಮವಾರ ಬುಲ್ ಟೆಂಪಲ್ ರಸ್ತೆಯನ್ನು ಆಕ್ರಮಿಸುತ್ತದೆ. ಮಲ್ಲೇಶ್ವರದ ಅಡಿಯಲ್ಲಿ ಮೇದರನಿಂಗನಹಳ್ಳಿ ಇದೆ. ಶಿವಾಜಿಯ ಸೋದರ ಏಕೋಜಿ ಕಾಡು ಮಲ್ಲೇಶ್ವರನಿಗೆ ಅದನ್ನು ದತ್ತಿ ಬಿಟ್ಟದ್ದನ್ನು 1669ರ ಶಾಸನ ಹೇಳುತ್ತದೆ. ಊರಿನ ಹೆಸರು ಅಳಿಯಿತು, ದೇವರ ಹೆಸರು ಬಡಾವಣೆಗೆ ಉಳಿಯಿತು.

ಈ ಬಡಾವಣೆಗಳ ಬಗ್ಗೆ ಬರೆಯುವವರೆಲ್ಲ ಮನೆಯ ಮುಂಭಾಗದಲ್ಲೇ ನಿಂತುಬಿಡುತ್ತಾರೆ. ಮಂಗಳೂರು ಹೆಂಚು, ಕಿಟಕಿಯ ಮೇಲಿನ ಮಂಕಿ ಟಾಪ್, ಜಗಲಿ, ಕನ್ನಡಿಯಂತೆ ಹೊಳೆಯುವ ರೆಡ್ ಆಕ್ಸೈಡ್ ನೆಲ. ಚೆಲುವು ಅಲ್ಲಿದೆ ನಿಜ. ಆದರೆ ಚರಿತ್ರೆ ಓದಬೇಕಾದವರು ಹಿತ್ತಲಿಗೆ ಬರಬೇಕು. ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಉದ್ದಕ್ಕೂ ಹರಿಯುವ ಕನ್ಸರ್ವೆನ್ಸಿ ಗಲ್ಲಿ ಈ ನಕ್ಷೆಗಳ ಬೆನ್ನೆಲುಬು. ಒಳಚರಂಡಿ ಇಲ್ಲದ ಕಾಲದಲ್ಲಿ ಪಾಯಿಖಾನೆ ಹಿತ್ತಲ ಗೋಡೆಗೆ ಅಂಟಿಕೊಂಡಿರುತ್ತಿತ್ತು. ಮಲ ಹೊರುವವರು ಈ ಗಲ್ಲಿಯಿಂದ ಬಂದು, ಗೋಡೆಯ ಬುಡದ ಕಿಂಡಿಯಿಂದ ಡಬ್ಬ ಎಳೆದು ಬರಿದು ಮಾಡಿಕೊಂಡು, ಗಲ್ಲಿಯಿಂದಲೇ ಹೊರಡಬೇಕಿತ್ತು. ಮನೆಯವರ ಕಣ್ಣಿಗೆ ಬೀಳಬಾರದು, ಮುಂಬೀದಿ ತುಳಿಯಬಾರದು.

ಹಳೆಯ ಕಾಂಪೌಂಡ್ ಉಳಿದಿರುವ ಕಡೆ ಬಗ್ಗಿ ನೋಡಿ. ಮೊಣಕಾಲಿಗಿಂತ ಕೆಳಗೆ, ಸುತ್ತಲಿನ ಗಾರೆಯ ಬಣ್ಣಕ್ಕೆ ಹೊಂದದ ಇಟ್ಟಿಗೆಯಿಂದ ಮುಚ್ಚಿದ ಸಣ್ಣ ಚೌಕವೊಂದು ಸಿಗುತ್ತದೆ. ಯಾವ ಫಲಕವೂ ಅದನ್ನು ಸೂಚಿಸುವುದಿಲ್ಲ. ಆರೋಗ್ಯಕ್ಕಾಗಿ ಎಳೆದ ಗೆರೆ, ಜಾತಿಯ ಗೆರೆಯೂ ಆಗಿತ್ತು. ಬ್ಲಾಕುಗಳನ್ನು ಸಮುದಾಯವಾರು ಹಂಚಿದ ಕಾಲ ಅದು. ಗಾಳಿ ಬೆಳಕು ಯಾರಿಗೆ, ಅದರ ಹೊರೆ ಯಾರ ತಲೆಗೆ ಎಂಬುದು ನಕ್ಷೆಯಲ್ಲೇ ತೀರ್ಮಾನವಾಗಿತ್ತು. ಒಳಚರಂಡಿ ಬಂದಂತೆ ಕಿಂಡಿಗಳು ಒಂದೊಂದೇ ಮುಚ್ಚಿದವು. ಆದರೂ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಸರ್ಕಾರವೇ ನಿಷೇಧಿಸಲು 1970ರ ದಶಕದವರೆಗೆ, ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರವರೆಗೆ ಕಾಯಬೇಕಾಯಿತು.

ಮುಂಬೀದಿಯ ಬದಲಾವಣೆ ಎಲ್ಲರಿಗೂ ಗೊತ್ತಿರುವಂಥದೇ. ಆಲ್ಬರ್ಟ್ ವಿಕ್ಟರ್ ರಸ್ತೆ ಆಲೂರು ವೆಂಕಟರಾವ್ ರಸ್ತೆಯಾಯಿತು. ಮಲ್ಲೇಶ್ವರದ ಅಂಚಿನ ರಾಜಾ ಮಿಲ್ಲಿನ ಜಾಗದಲ್ಲಿ ಮಾಲ್ ಎದ್ದಿದೆ, ಪಕ್ಕದ ಮೆಟ್ರೋ ನಿಲ್ದಾಣವೂ ಆ ಮಾಲ್‌ನ ಹೆಸರನ್ನೇ ಹೊತ್ತಿದೆ. ಅಣ್ಣತಮ್ಮಂದಿರು ಪಾಲಾದಾಗ ಒಂದು ನಿವೇಶನ ಎರಡಾಗುತ್ತದೆ, ಬಿಲ್ಡರ್ ಬಂದಾಗ ಎರಡು ನಿವೇಶನ ಒಂದಾಗುತ್ತದೆ. ಗಲ್ಲಿ ಮಾತ್ರ ಯಾರ ಪಾಲಿಗೂ ಸೇರದ ಸಾರ್ವಜನಿಕ ಜಾಗವಾದ್ದರಿಂದ ಉಳಿದುಕೊಂಡಿತು. ಉಳಿದದ್ದಾದರೂ ಹೇಗೆ? ಕೆಲವೆಡೆ ಶೆಡ್ ಹಾಕಿಕೊಂಡಿದ್ದಾರೆ, ಕೆಲವೆಡೆ ಕಟ್ಟಡದ ಅವಶೇಷ ಸುರಿದಿದ್ದಾರೆ. ಮಲ್ಲೇಶ್ವರದ ಕೆಲವು ಗಲ್ಲಿಗಳನ್ನು ನಿವಾಸಿಗಳು ಶುಚಿಗೊಳಿಸಿ, ಗೋಡೆಗೆ ಬಣ್ಣ ಬಳಿದು, ಗಿಡ ನೆಟ್ಟು ನಡೆದಾಡುವ ದಾರಿ ಮಾಡಿದ್ದಾರೆ.

ಆ ಕೆಲಸ ನನಗೆ ಮೆಚ್ಚುಗೆಯಾಗಿದೆ. ಆದರೆ ಬಣ್ಣ ಬಳಿಯುವ ಮುನ್ನ ಮುಚ್ಚಿದ ಕಿಂಡಿಗಳ ಅಳತೆ ತೆಗೆದು, ಫೋಟೋ ಹಿಡಿದು, ನಕ್ಷೆಯ ಮೇಲೆ ಗುರುತು ಹಾಕಬೇಕು. ಈ ಗಲ್ಲಿಗಳಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳು ಇದೇ ನಗರದಲ್ಲಿದ್ದಾರೆ. ಬಡಾವಣೆಯ ಚರಿತ್ರೆಗೆಂದು ಮುಂಬಾಗಿಲ ಮನೆಗಳ ಹಿರಿಯರನ್ನು ಕೂರಿಸಿ ಮಾತನಾಡಿಸುವಾಗ ಇವರ ಮನೆಗೂ ಹೋಗಿ ಕೇಳಬೇಕು, ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಬೇಕು.